ಬ್ಯಾಕಪ್ ಸರ್ವರಿಗೆ ಎಂಥ ಲಿನಕ್ಸ್ ಬೇಕು?

ಮನೆಯಲ್ಲಾಗಲಿ ಸಣ್ಣ ಕಚೇರಿಯಲ್ಲಾಗಲಿ ಬ್ಯಾಕಪ್ ಸರ್ವರ್ ಎನ್ನಿಸಿಕೊಳ್ಳುವುದು, ಉಳಿದ ಕಂಪ್ಯೂಟರುಗಳಲ್ಲಿರುವ ಕಡತಗಳ ಇನ್ನೊಂದು ಪ್ರತಿಯನ್ನು ದಿನದಿನವೂ ತನ್ನ ಡಿಸ್ಕಿಗೆ ಇಳಿಸಿಕೊಂಡು, ಮೂಲ ಕಡತ ಅಳಿದುಹೋದ ದಿನ ಅದನ್ನು ಮರಳಿ ಒದಗಿಸುವ ಯಂತ್ರ. ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಓಡುತ್ತಿದ್ದು, ನೆನಪಾದರೆ ಸಂಕಟದ ಗಳಿಗೆಯಲ್ಲೇ ನೆನಪಾಗುವ ಇಂಥ ಯಂತ್ರಕ್ಕೆ ಬಲವಾದ ಪ್ರೊಸೆಸರಾಗಲಿ ಒಳ್ಳೆಯ ಪರದೆಯಾಗಲಿ ಬೇಕಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಕಾರಣಕ್ಕೆ ಮೂಲೆಗುಂಪಾದ ಡೆಸ್ಕ್‌ಟಾಪುಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತವೆ. ಅವುಗಳ ಮೇಲೆ ಯಾವ ಲಿನಕ್ಸ್ ಹಾಕಬೇಕು ಎಂಬ ಪ್ರಶ್ನೆಯೇ ಹೆಚ್ಚಿನವರನ್ನು ತಡೆದು ನಿಲ್ಲಿಸುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ್ದು ಕರ್ನಲ್ ಅನ್ನು ಮಾತ್ರ. ಯಂತ್ರಕ್ಕೂ ಅದರ ಮೇಲೆ ಓಡುವ ತಂತ್ರಾಂಶಗಳಿಗೂ ನಡುವೆ ನಿಂತು ಡಿಸ್ಕು, ಮೆಮೊರಿ, ನೆಟ್‌ವರ್ಕುಗಳನ್ನು ಹಂಚಿಕೊಡುವ ತಿರುಳೇ ಕರ್ನಲ್. ಈ ತಿರುಳಿಗೆ ಕಡತಗಳನ್ನು ನಕಲಿಸುವ, ಬಳಕೆದಾರರನ್ನು ಗುರುತಿಸುವ, ಹೊಸ ತಂತ್ರಾಂಶಗಳನ್ನು ತಂದು ಕೂರಿಸುವ ಸಾವಿರಾರು ಉಪಕರಣಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ, ಒಟ್ಟಾಗಿ ಕೊಡುವ ಸಂಗ್ರಹವನ್ನು ಡಿಸ್ಟ್ರಿಬ್ಯೂಷನ್ ಎಂದೂ ಬಳಕೆಯ ಮಾತಿನಲ್ಲಿ ಡಿಸ್ಟ್ರೋ ಎಂದೂ ಕರೆಯುತ್ತಾರೆ. ಡೆಬಿಯನ್, ಉಬುಂಟು, ಫೆಡೋರಾ, ರಾಕಿ, ಓಪನ್‌ಸೂಸೆ ಮುಂತಾದವು ಒಂದೇ ಚಾಸಿಯ ಮೇಲೆ ಬೇರೆ ಬೇರೆ ಗ್ಯಾರೇಜಿನವರು ಬಾಡಿ ಕಟ್ಟಿದ ಬಸ್ಸುಗಳಿದ್ದಂತೆ. ಎಂಜಿನ್ನು ಒಂದೇ ಆದರೂ ರಿಪೇರಿಗೆ ಯಾರ ಬಳಿ ಹೋಗಬೇಕು, ಎಷ್ಟು ವರ್ಷ ಬಿಡಿಭಾಗ ಸಿಗುತ್ತದೆ ಎಂಬುದು ಬಾಡಿ ಕಟ್ಟಿದವರನ್ನು ಅವಲಂಬಿಸಿರುತ್ತದೆ.

ಬ್ಯಾಕಪ್ ಮಾಡುವ ತಂತ್ರಾಂಶಗಳ ಮಟ್ಟಿಗಂತೂ ಡಿಸ್ಟ್ರೋಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಇಂದು ಎಲ್ಲ ಡಿಸ್ಟ್ರೋಗಳಲ್ಲೂ ದೊರೆಯುತ್ತದೆ. ದೊಡ್ಡ ಕಡತದಲ್ಲಿ ಒಂದು ಭಾಗ ಮಾತ್ರ ಬದಲಾಗಿದ್ದರೆ ಆ ಭಾಗವನ್ನಷ್ಟೇ ನೆಟ್‌ವರ್ಕಿನ ಮೂಲಕ ಕಳಿಸುವುದು ಅದರ ಹೆಚ್ಚುಗಾರಿಕೆ. ಡಿಸ್ಕಿನಲ್ಲಿರುವ ಒಂದೇ ದತ್ತಾಂಶಕ್ಕೆ ಎರಡು ಮೂರು ಹೆಸರುಗಳನ್ನು ಕೊಡಬಲ್ಲ ಹಾರ್ಡ್ ಲಿಂಕ್ ಎಂಬ ಸೌಲಭ್ಯವನ್ನು ಅದರೊಂದಿಗೆ ಸೇರಿಸಿಕೊಂಡರೆ, ಪ್ರತಿದಿನಕ್ಕೊಂದು ಫೋಲ್ಡರಿನಂತೆ ಮೂವತ್ತು ದಿನಗಳ ಮೂವತ್ತು ಪೂರ್ಣ ಪ್ರತಿಗಳು ಕಣ್ಣಿಗೆ ಕಾಣುತ್ತವಾದರೂ ಬದಲಾಗದ ಕಡತಗಳು ಡಿಸ್ಕಿನಲ್ಲಿ ಹಿಡಿಯುವುದು ಒಂದೇ ಪ್ರತಿಯ ಜಾಗವನ್ನು. ಇದಕ್ಕಿಂತ ಮುಂದುವರಿದ ಬೋರ್ಗ್, ರೆಸ್ಟಿಕ್ ಎಂಬ ತಂತ್ರಾಂಶಗಳು ಕಡತಗಳನ್ನು ತುಂಡುಗಳಾಗಿ ಒಡೆದು, ಎರಡು ಬಾರಿ ಬಂದ ತುಂಡನ್ನು ಒಂದೇ ಸಲ ಉಳಿಸಿ, ಗೂಢಲಿಪಿಗೆ ತಿರುಗಿಸಿ ಇಡುತ್ತವೆ. ಅವೂ ಎಲ್ಲೆಡೆ ಸಿಗುತ್ತವೆ. ಆದುದರಿಂದ ಯಾವ ಡಿಸ್ಟ್ರೋದಲ್ಲಿ ಏನೇನು ಸೌಲಭ್ಯವಿದೆ ಎಂದು ಪಟ್ಟಿ ಹಿಡಿದು ಹೋಲಿಸುತ್ತ ಕೂರುವುದು ವ್ಯರ್ಥ ಶ್ರಮ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದರ ಆಯುಸ್ಸಿನದು.

ಡಿಸ್ಟ್ರೋದ ಪ್ರತಿ ಆವೃತ್ತಿಗೂ ಒಂದು ಬೆಂಬಲದ ಅವಧಿ ಇರುತ್ತದೆ, ಎಂದರೆ ತಂತ್ರಾಂಶಗಳಲ್ಲಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ತಿದ್ದುಪಡಿಗಳು ಇಂತಿಷ್ಟು ವರ್ಷ ಬರುತ್ತವೆ ಎಂಬ ಭರವಸೆ ಇರುತ್ತದೆ. ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುವ ಫೆಡೋರಾದಲ್ಲಿ ಈ ಅವಧಿ ಹದಿಮೂರು ತಿಂಗಳಷ್ಟು; ಆರ್ಚ್ ಲಿನಕ್ಸಿನಲ್ಲಿ ಆವೃತ್ತಿಯೆಂಬುದೇ ಇಲ್ಲದೆ ತಂತ್ರಾಂಶಗಳು ಬಂದಂತೆ ಬಂದಂತೆ ಹೊಸದಾಗುತ್ತ ಹೋಗುತ್ತವೆ. ದಿನವೂ ಕಂಪ್ಯೂಟರಿನ ಮುಂದೆ ಕುಳಿತು ಕಲಿಯುವವರಿಗೆ ಇವೆರಡೂ ಅಚ್ಚುಮೆಚ್ಚು, ಬ್ಯಾಕಪ್ ಸರ್ವರಿಗೆ ಮಾತ್ರ ಇವು ತಕ್ಕವಲ್ಲ. ಭಾರತದ ಕಂಪನಿ ಕಾಯ್ದೆಯ 128ನೆಯ ಪ್ರಕರಣದ ಪ್ರಕಾರ ಕಂಪನಿಗಳು ಲೆಕ್ಕಪತ್ರಗಳನ್ನು ಕನಿಷ್ಠ ಎಂಟು ಹಣಕಾಸು ವರ್ಷಗಳವರೆಗೆ ಕಾಪಾಡಬೇಕು; 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಲೆಕ್ಕಪತ್ರ ನಿಯಮಗಳ ಪ್ರಕಾರ ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನವೂ ಆಗಬೇಕು. ಎಂಟು ವರ್ಷ ಬಾಳಬೇಕಾದ ದಾಖಲೆಗಳನ್ನು ಹದಿಮೂರು ತಿಂಗಳಿಗೆ ಹಳತಾಗುವ ವ್ಯವಸ್ಥೆಯ ಮೇಲೆ ಇಟ್ಟರೆ, ಆ ಎಂಟು ವರ್ಷಗಳಲ್ಲಿ ಇಡೀ ವ್ಯವಸ್ಥೆಯನ್ನು ಏಳೆಂಟು ಸಲ ಮೇಲ್ದರ್ಜೆಗೆ ಏರಿಸಬೇಕಾಗುತ್ತದೆ, ಮತ್ತು ಸಣ್ಣ ಕಚೇರಿಗಳಲ್ಲಿ ಆ ಕೆಲಸ ಮೂರನೆಯ ಸಲಕ್ಕೇ ನಿಂತುಹೋಗುವುದು ಖಚಿತ.

ಬೆಂಬಲದ ಭರವಸೆಯೂ ಕೊಟ್ಟವರಷ್ಟೇ ಗಟ್ಟಿ ಎಂಬುದಕ್ಕೆ ಸೆಂಟ್‌ಓಎಸ್ ಪ್ರಕರಣವೇ ಸಾಕ್ಷಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಎಂಬ ಹಣ ಕೊಟ್ಟು ಪಡೆಯುವ ಡಿಸ್ಟ್ರೋದ ಮೂಲ ಸಂಕೇತವನ್ನೇ ಬಳಸಿ, ಅದರ ತದ್ರೂಪನ್ನು ಉಚಿತವಾಗಿ ಹಂಚುತ್ತಿದ್ದ ಸೆಂಟ್‌ಓಎಸ್ 2004ರಿಂದ ಜಗತ್ತಿನಾದ್ಯಂತ ಸರ್ವರುಗಳ ನೆಚ್ಚಿನ ನೆಲೆಯಾಗಿತ್ತು, 2014ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯಕ್ಕೂ ಬಂದಿತ್ತು. 2019ರಲ್ಲಿ ಬಂದ ಅದರ 8ನೆಯ ಆವೃತ್ತಿಗೆ 2029ರವರೆಗೆ ತಿದ್ದುಪಡಿಗಳು ಸಿಗುತ್ತವೆಂದು ನಂಬಿ ಸಾವಿರಾರು ಕಚೇರಿಗಳು ಅದನ್ನು ಸ್ಥಾಪಿಸಿಕೊಂಡ ಮೇಲೆ, 2020ರ ಡಿಸೆಂಬರ್ 8ರಂದು ಹೊರಬಿದ್ದ ಪ್ರಕಟಣೆಯೊಂದು ಆ ಅವಧಿಯನ್ನು 2021ರ ಕೊನೆಗೇ ಮೊಟಕುಗೊಳಿಸಿತು. ಹೊಸತಾದ 8 ಹೀಗೆ ನಿಂತುಹೋದರೆ ಹಳೆಯ 7ನೆಯ ಆವೃತ್ತಿ ತನ್ನ ಮೂಲ ವಾಯಿದೆಯಂತೆ 2024ರ ಜೂನ್‌ವರೆಗೂ ಬದುಕಿತು, ಎಂದರೆ ಎಚ್ಚರದಿಂದ ಮೇಲ್ದರ್ಜೆಗೆ ಏರಿದವರೇ ಮೊದಲು ಬೀದಿಗೆ ಬಿದ್ದರು. ಆ ತೆರವನ್ನು ತುಂಬಲು 2021ರಲ್ಲಿ ಆಲ್ಮಾ ಲಿನಕ್ಸ್ ಮತ್ತು ಸೆಂಟ್‌ಓಎಸ್ ಸ್ಥಾಪಕರಲ್ಲೊಬ್ಬರಾದ ಗ್ರೆಗರಿ ಕರ್ಟ್ಜರ್ ಆರಂಭಿಸಿದ ರಾಕಿ ಲಿನಕ್ಸ್ ಹುಟ್ಟಿಕೊಂಡವು. ಎರಡೂ ಒಂದೊಂದು ಆವೃತ್ತಿಗೆ ಹತ್ತು ವರ್ಷಗಳ ಬೆಂಬಲವನ್ನು ಘೋಷಿಸಿವೆ. ಆದರೆ 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮೂಲ ಸಂಕೇತದ ಬಹಿರಂಗ ಪ್ರಕಟಣೆಯನ್ನು ಸೀಮಿತಗೊಳಿಸಿದಾಗ ಇವೆರಡೂ ಹೊಸ ದಾರಿ ಹುಡುಕಬೇಕಾಯಿತು ಎಂಬುದನ್ನೂ ಮರೆಯುವಂತಿಲ್ಲ.

ಒಂದೇ ಕಂಪನಿಯ ನಿರ್ಧಾರಕ್ಕೆ ಸಿಲುಕದ ಡಿಸ್ಟ್ರೋ ಬೇಕೆನ್ನುವವರು ಕೊನೆಗೆ ಬಂದು ಸೇರುವುದು ಡೆಬಿಯನ್‌ಗೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಗೆ ಮಾಲೀಕ ಕಂಪನಿಯಿಲ್ಲ. ಹಲವು ದೇಶಗಳ ಸ್ವಯಂಸೇವಕರು ತಮ್ಮದೇ ನಿಯಮಾವಳಿಯಂತೆ ಮತ ಹಾಕಿ ನಾಯಕನನ್ನು ಆರಿಸಿಕೊಂಡು ಅದನ್ನು ನಡೆಸುತ್ತ ಬಂದಿದ್ದಾರೆ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಸ್ಥಿರ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ ಮೂರು ವರ್ಷಗಳ ಪೂರ್ಣ ಬೆಂಬಲ ಮತ್ತು ಅದರ ಮೇಲೆ ಎರಡು ವರ್ಷಗಳ ದೀರ್ಘಾವಧಿ ಬೆಂಬಲ ದೊರೆಯುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯ ಹೆಸರು ಟ್ರಿಕ್ಸಿ. ಈ ಹೆಸರುಗಳೆಲ್ಲ ಪಿಕ್ಸಾರ್ ಸಂಸ್ಥೆಯ ಟಾಯ್ ಸ್ಟೋರಿ ಚಿತ್ರಗಳ ಪಾತ್ರಗಳವು, ಏಕೆಂದರೆ ಆರಂಭದ ದಿನಗಳಲ್ಲಿ ಡೆಬಿಯನ್ ನಾಯಕರಾಗಿದ್ದ ಬ್ರೂಸ್ ಪೆರೆನ್ಸ್ ಅಲ್ಲಿಯೇ ಉದ್ಯೋಗದಲ್ಲಿದ್ದರು. ಕಾಕತಾಳೀಯವೆಂದರೆ ಬ್ಯಾಕಪ್ಪಿನ ಚರಿತ್ರೆಯಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಅವಘಡವೂ ಅದೇ ಚಿತ್ರಮಾಲಿಕೆಯದು: 1998ರಲ್ಲಿ ಟಾಯ್ ಸ್ಟೋರಿ 2 ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಅಳಿಸುವ ಆಜ್ಞೆಯೊಂದು ಚಿತ್ರದ ಬಹುಪಾಲನ್ನು ಸರ್ವರಿನಿಂದ ಒರೆಸಿಹಾಕಿತು, ಬ್ಯಾಕಪ್ ಟೇಪುಗಳು ಬಹಳ ಮೊದಲೇ ಕೈಕೊಟ್ಟಿದ್ದವೆಂಬುದು ಆಗಲೇ ತಿಳಿಯಿತು, ಕೊನೆಗೆ ಹಸುಗೂಸಿನೊಂದಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂದು ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ 3-2-1 ಸೂತ್ರದ ಕೊನೆಯ ಅಂಕಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಡೆಬಿಯನ್‌ನಲ್ಲಿ ಸದಾ ಬದಲಾಗುತ್ತಿರುವ ಅಸ್ಥಿರ ಶಾಖೆಗೆ ಆ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗ ಸಿಡ್‌ನ ಹೆಸರನ್ನೇ ಶಾಶ್ವತವಾಗಿ ಇಟ್ಟಿದ್ದಾರೆ. ಬ್ಯಾಕಪ್ ಸರ್ವರಿಗೆ ಅದು ಸಲ್ಲದೆಂಬುದನ್ನು ಬೇರೆ ಹೇಳಬೇಕಿಲ್ಲ.

ಸ್ಥಿರ ಆವೃತ್ತಿಯ ತಂತ್ರಾಂಶಗಳು ಒಂದೆರಡು ವರ್ಷ ಹಳೆಯವು ಎಂಬ ದೂರು ಸಾಮಾನ್ಯ, ಆದರೆ ಆ ಹಳತನವೇ ಕಾಪಾಡಿದ ಸಂದರ್ಭವೂ ಉಂಟು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು, ದೂರದಿಂದ ಸರ್ವರನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದಾಗ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲೊಂದನ್ನು ಅಡಗಿಸಿಟ್ಟಿದ್ದು ಬಯಲಾಯಿತು. ಡೆಬಿಯನ್‌ನ ಅಸ್ಥಿರ ಶಾಖೆ, ಫೆಡೋರಾದ ಪರೀಕ್ಷಾರ್ಥ ಆವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್‌ಗಳಿಗೆ ಅದು ತಲುಪಿಯಾಗಿತ್ತು. ಡೆಬಿಯನ್ ಸ್ಥಿರ ಆವೃತ್ತಿ, ಉಬುಂಟು ದೀರ್ಘಾವಧಿ ಆವೃತ್ತಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ಗಳಿಗೆ ತಲುಪಿರಲಿಲ್ಲ. ಹಾಗೆಂದು ಸ್ಥಿರ ಎಂಬ ಹಣೆಪಟ್ಟಿ ರಕ್ಷಾಕವಚವೇನೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಹೊರಬೀಳುವ ಹೊತ್ತಿಗೆ ಅದರ 6.1.64 ಕರ್ನಲ್‌ನಲ್ಲಿ ಡಿಸ್ಕಿನ ದತ್ತಾಂಶವನ್ನೇ ಕೆಡಿಸಬಹುದಾದ ದೋಷ ಕಂಡುಬಂದು, ಆ ಬಿಡುಗಡೆಯನ್ನು ತಡೆಹಿಡಿದು ಮರುದಿನವೇ 12.4 ಹೊರತರಬೇಕಾಯಿತು. ಆದುದರಿಂದ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಕೂರುವಂತೆ ವ್ಯವಸ್ಥೆ ಮಾಡಿದರೂ, ಹೊಸ ಕರ್ನಲ್‌ಗೆ ಬದಲಾಗುವ ರೀಬೂಟನ್ನು ಕೆಲವು ದಿನ ತಡೆದು, ಯಾರಾದರೂ ಎದುರಿಗಿದ್ದಾಗ ಮಾಡುವುದು ಜಾಣತನ.

ಉಬುಂಟು ಡೆಬಿಯನ್‌ನ ತಳಹದಿಯ ಮೇಲೆಯೇ ಕ್ಯಾನೊನಿಕಲ್ ಸಂಸ್ಥೆ 2004ರಿಂದ ಕಟ್ಟುತ್ತಿರುವ ಡಿಸ್ಟ್ರೋ. ಅದರಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನು ಮಾತ್ರ ಸರ್ವರಿಗೆ ಪರಿಗಣಿಸಬೇಕು. ಐದು ವರ್ಷಗಳ ಸಾಮಾನ್ಯ ಬೆಂಬಲದ ಮೇಲೆ, ಉಬುಂಟು ಪ್ರೊ ಎಂಬ ನೋಂದಣಿಯಿಂದ ಒಟ್ಟು ಹತ್ತು ವರ್ಷ ತಿದ್ದುಪಡಿಗಳು ಸಿಗುತ್ತವೆ, ವೈಯಕ್ತಿಕ ಬಳಕೆಗೆ ಐದು ಯಂತ್ರಗಳವರೆಗೆ ಆ ನೋಂದಣಿ ಉಚಿತ. ತೊಡಕು ಎದುರಾದಾಗ ಪರಿಹಾರ ಹೇಳಬಲ್ಲವರು ಹೆಚ್ಚಾಗಿ ಸಿಗುವುದೂ ಉಬುಂಟುವಿಗೇ, ಇದು ಚಿಕ್ಕ ಅನುಕೂಲವೇನಲ್ಲ. ರಾಕಿ ಮತ್ತು ಆಲ್ಮಾಗಳು ಕಚೇರಿಯ ಸರ್ವರುಗಳನ್ನು ನೋಡಿಕೊಳ್ಳುವವರಿಗೆ ರೆಡ್ ಹ್ಯಾಟ್ ಪದ್ಧತಿ ರೂಢಿಯಿದ್ದರೆ ಒಗ್ಗುತ್ತವೆ, ಆದರೆ ಹಳೆಯ ಯಂತ್ರಕ್ಕೆ ಇಲ್ಲೊಂದು ತೊಡಕಿದೆ: ರೆಡ್ ಹ್ಯಾಟ್‌ನ 10ನೆಯ ಆವೃತ್ತಿಯ ಪೀಳಿಗೆಯು ಇಂಟೆಲ್ 2013ರಲ್ಲಿ ತಂದ ಹ್ಯಾಸ್ವೆಲ್ ಪ್ರೊಸೆಸರುಗಳಲ್ಲಿ ಮೊದಲು ಕಾಣಿಸಿಕೊಂಡ ಆಜ್ಞಾಗುಚ್ಛವನ್ನು ಕಡ್ಡಾಯವಾಗಿ ಕೇಳುವುದರಿಂದ, ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ರಾಕಿ 10 ಓಡುವುದಿಲ್ಲ, ಆಲ್ಮಾ ಮಾತ್ರ ಅಂಥವುಗಳಿಗಾಗಿ ಬೇರೊಂದು ರೂಪವನ್ನು ಕೊಡುತ್ತದೆ. ಇನ್ನು 32 ಬಿಟ್ ಪ್ರೊಸೆಸರಿನ ತೀರಾ ಹಳೆಯ ಯಂತ್ರವಾದರೆ, ಡೆಬಿಯನ್ ಕೂಡ 13ನೆಯ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ.

ಆಯುಸ್ಸಿನ ಪ್ರಶ್ನೆ ಬಗೆಹರಿದ ಮೇಲೆ ಡಿಸ್ಟ್ರೋಗಳ ನಡುವೆ ನಿಜವಾದ ಅಂತರ ತೋರುವುದು ಫೈಲ್ ಸಿಸ್ಟಮ್‌ನಲ್ಲಿ, ಎಂದರೆ ಡಿಸ್ಕಿನ ಮೇಲೆ ಕಡತಗಳು ಎಲ್ಲಿ ಹೇಗೆ ಕೂರಬೇಕೆಂದು ನಿರ್ಧರಿಸುವ ವಿಧಾನದಲ್ಲಿ. ಡೆಬಿಯನ್ ಮತ್ತು ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4, ರೆಡ್ ಹ್ಯಾಟ್ ಬಳಗ ಬಳಸುವ ಎಕ್ಸ್‌ಎಫ್‌ಎಸ್ ಎರಡೂ ಪಳಗಿದವು. ಆದರೆ ವರ್ಷಗಟ್ಟಲೆ ಯಾರೂ ತೆರೆಯದ ಮದುವೆಯ ಫೋಟೊವೊಂದರ ಕೆಲವು ಬಿಟ್‌ಗಳು ಡಿಸ್ಕಿನ ಮೇಲೆ ತಾವಾಗಿ ಕೆಟ್ಟರೆ ಅದನ್ನು ಇವು ಪತ್ತೆಹಚ್ಚಲಾರವು, ಕೆಟ್ಟ ಕಡತವನ್ನೇ ಸರಿಯೆಂದು ಕೊಟ್ಟುಬಿಡುತ್ತವೆ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಬಹಿರಂಗಪಡಿಸಿದ ಜೆಡ್‌ಎಫ್‌ಎಸ್ ಮತ್ತು 2009ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಬಿಟಿಆರ್‌ಎಫ್‌ಎಸ್ ಮಾತ್ರ ದತ್ತಾಂಶದ ಪ್ರತಿ ತುಂಡಿನೊಂದಿಗೆ ಚೆಕ್‌ಸಮ್ ಎಂಬ ಲೆಕ್ಕದ ಅಂಕಿಯನ್ನು ಬರೆದಿಟ್ಟುಕೊಂಡು, ಓದುವಾಗಲೆಲ್ಲ ತಾಳೆ ನೋಡಿ, ತಾಳೆಯಾಗದಿದ್ದರೆ ಜೋಡಿ ಡಿಸ್ಕಿನಲ್ಲಿರುವ ಸರಿಯಾದ ಪ್ರತಿಯಿಂದ ತಿದ್ದಿಕೊಳ್ಳುತ್ತವೆ.

ಇಷ್ಟು ಒಳ್ಳೆಯ ಜೆಡ್‌ಎಫ್‌ಎಸ್ ಎಲ್ಲೆಡೆ ಏಕಿಲ್ಲವೆಂದರೆ ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ, ಪರವಾನಗಿ. ಅದರ ಪರವಾನಗಿಯೂ ಲಿನಕ್ಸ್ ಕರ್ನಲ್‌ನ ಪರವಾನಗಿಯೂ ಪರಸ್ಪರ ಹೊಂದುವುದಿಲ್ಲವೆಂಬ ವಾದದಿಂದಾಗಿ ಅದು ಕರ್ನಲ್‌ನ ಭಾಗವಾಗಲಿಲ್ಲ. ಉಬುಂಟು 2016ರ 16.04 ಆವೃತ್ತಿಯಿಂದ ಅದನ್ನು ಸಿದ್ಧರೂಪದಲ್ಲಿಯೇ ಕೊಡುತ್ತದೆ. ಡೆಬಿಯನ್‌ನಲ್ಲಿ ಮೂಲ ಸಂಕೇತವನ್ನು ತರಿಸಿಕೊಂಡು ಪ್ರತಿ ಹೊಸ ಕರ್ನಲ್ ಬಂದಾಗಲೂ ಯಂತ್ರದಲ್ಲೇ ಕಂಪೈಲ್ ಮಾಡಬೇಕು. ಅದು ತಾನಾಗಿಯೇ ನಡೆಯುವ ಕೆಲಸವೇ ಆದರೂ, ಒಮ್ಮೆ ವಿಫಲವಾದರೆ ರೀಬೂಟಿನ ನಂತರ ಬ್ಯಾಕಪ್ ಡಿಸ್ಕುಗಳೇ ಕಾಣಿಸದೆ ಹೋಗಬಹುದು. ಬಿಟಿಆರ್‌ಎಫ್‌ಎಸ್ ಕರ್ನಲ್‌ನಲ್ಲೇ ಇದೆ, ಜರ್ಮನಿಯ ಸೂಸೆ 2014ರಿಂದ ಅದನ್ನೇ ಮುಖ್ಯವಾಗಿ ನೆಚ್ಚಿಕೊಂಡಿದೆ, ಆದರೆ ರೆಡ್ ಹ್ಯಾಟ್ 8ನೆಯ ಆವೃತ್ತಿಯಿಂದ ಅದನ್ನು ಕೈಬಿಟ್ಟಿದೆ. ಎರಡು ಡಿಸ್ಕುಗಳ ಜೋಡಿಯಲ್ಲಿ ಅದು ಚೆನ್ನಾಗಿ ನಡೆಯುವುದಾದರೂ ರೇಡ್ 5 ಮತ್ತು 6 ಎಂಬ ಬಹುಡಿಸ್ಕು ಜೋಡಣೆಗಳಿಗೆ ಅದನ್ನು ಬಳಸಬಾರದೆಂಬ ಎಚ್ಚರಿಕೆ ಹಾಗೆಯೇ ಉಳಿದಿದೆ. ಒಟ್ಟಿನಲ್ಲಿ ಚೆಕ್‌ಸಮ್ ಬೇಕು, ಜೆಡ್‌ಎಫ್‌ಎಸ್ ಬೇಕು ಎನ್ನುವವರಿಗೆ ಉಬುಂಟು ಎಲ್‌ಟಿಎಸ್ ಸುಲಭದ ದಾರಿ. ಕಡತಗಳ ಪ್ರತಿ ಇದ್ದರೆ ಸಾಕೆನ್ನುವ ಮನೆಗೂ ಕಚೇರಿಗೂ ಡೆಬಿಯನ್ ಮತ್ತು ಇಎಕ್ಸ್‌ಟಿ4 ಸಾಕು, ಬೋರ್ಗ್ ಬಳಸಿದರೆ ಅದರ ಸ್ವಂತ ತಪಾಸಣೆ ಕೆಟ್ಟ ತುಂಡನ್ನು ಗುರುತಿಸಿಕೊಡುತ್ತದೆ, ಸರಿಪಡಿಸಲು ಮಾತ್ರ ಎರಡನೆಯ ಪ್ರತಿ ಬೇಕೇ ಬೇಕು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಅರಿತಿರಬೇಕಾದ ಸಂಗತಿಯೊಂದು ಇಲ್ಲಿದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರರಲ್ಲೂ ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಅದರಲ್ಲೂ ಮಾತ್ರೆ, ಒತ್ತುಗಳೆಲ್ಲ ಪ್ರತ್ಯೇಕ ಸಂಕೇತಗಳೇ ಆದ್ದರಿಂದ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಆರು ಸಂಕೇತಗಳಾಗಿ ಹದಿನೆಂಟು ಬೈಟುಗಳನ್ನು ನುಂಗುತ್ತದೆ. ವಿಂಡೋಸ್ ಬೈಟುಗಳನ್ನಲ್ಲದೆ ಸಂಕೇತಗಳನ್ನು ಎಣಿಸುವುದರಿಂದ ಅಲ್ಲಿ 255 ಸಂಕೇತಗಳಿಗೆ ಅವಕಾಶವಿದೆ, ಲಿನಕ್ಸಿನಲ್ಲಿ 85ಕ್ಕೆ ಮಾತ್ರ. ನಡಾವಳಿಯ ವಿಷಯ, ದಿನಾಂಕ, ಊರುಗಳನ್ನೆಲ್ಲ ಸೇರಿಸಿ ಹನ್ನೆರಡು ಪದಗಳ ಹೆಸರು ಕೊಟ್ಟ ಕಡತ ನಕಲಾಗುವಾಗ ಬಿಟ್ಟುಹೋಗುತ್ತದೆ. ಆರ್‌ಸಿಂಕ್ ಉಳಿದವನ್ನೆಲ್ಲ ನಕಲಿಸಿ, ಕೆಲವು ಬಿಟ್ಟುಹೋದವೆಂದು ತಿಳಿಸುವ 23 ಎಂಬ ಸಂಕೇತವನ್ನು ಕೊಟ್ಟು ಮುಗಿಯುತ್ತದೆ, ಆ ಅಂಕಿಯನ್ನು ನೋಡುವವರಿಲ್ಲದಿದ್ದರೆ ಕಡತ ಇಲ್ಲದಿರುವುದು ಬೇಕಾದ ದಿನವೇ ಗೊತ್ತಾಗುವುದು. ಹಳೆಯ ಮ್ಯಾಕ್ ಡಿಸ್ಕುಗಳದ್ದು ಇನ್ನೊಂದು ಬಗೆ: ಅವು ‘ಕೋ’ದಲ್ಲಿರುವ ಓತ್ವದ ಒಂದೇ ಸಂಕೇತವನ್ನು ಮೂರಾಗಿ ಬಿಡಿಸಿ ಬರೆದುಕೊಳ್ಳುತ್ತಿದ್ದುದರಿಂದ, ಮ್ಯಾಕ್‌ನಿಂದ ಬಂದ ‘ಕೋಲಾರ’ವೂ ವಿಂಡೋಸ್‌ನಿಂದ ಬಂದ ‘ಕೋಲಾರ’ವೂ ಬೈಟುಗಳನ್ನೇ ಹೋಲಿಸುವ ಲಿನಕ್ಸಿಗೆ ಎರಡು ಬೇರೆ ಫೋಲ್ಡರುಗಳಾಗಿ, ನೋಡುವವರಿಗೆ ಒಂದೇ ಹೆಸರಿನ ಅವಳಿಗಳಾಗಿ ತೋರುತ್ತವೆ. ಆರ್‌ಸಿಂಕ್‌ನಲ್ಲಿ ಹೆಸರಿನ ರೂಪವನ್ನು ಬದಲಿಸಿಕೊಳ್ಳುವ ಆಯ್ಕೆಯೂ ಜೆಡ್‌ಎಫ್‌ಎಸ್‌ನಲ್ಲಿ ಎರಡೂ ರೂಪಗಳನ್ನು ಒಂದೆಂದೇ ಎಣಿಸುವ ಆಯ್ಕೆಯೂ ಇವೆ, ಆದರೆ ಎರಡನೆಯದನ್ನು ಆರಂಭದಲ್ಲಿಯೇ ನಿಗದಿಪಡಿಸಬೇಕು.

ಆಜ್ಞೆಗಳನ್ನು ಟೈಪಿಸುವುದೇ ಬೇಡವೆನ್ನುವವರಿಗೆ ಬ್ರೌಸರಿನಲ್ಲೇ ಎಲ್ಲವನ್ನೂ ನಿಭಾಯಿಸಬಹುದಾದ ಓಪನ್‌ಮೀಡಿಯಾವಾಲ್ಟ್, ಟ್ರೂನ್ಯಾಸ್ ಎಂಬ ಸಿದ್ಧ ವ್ಯವಸ್ಥೆಗಳಿವೆ, ವರ್ಚುವಲ್ ಯಂತ್ರಗಳ ಬ್ಯಾಕಪ್ಪಿಗಾಗಿ ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಸಂಸ್ಥೆಯ ಸರ್ವರ್ ಇದೆ. ಈ ಮೂರೂ ಇಂದು ನಿಂತಿರುವುದು ಡೆಬಿಯನ್ ಮೇಲೆಯೇ.

ಯಾವ ಡಿಸ್ಟ್ರೋ ಆದರೂ ಬ್ಯಾಕಪ್ ಸರ್ವರಿನ ಡಿಸ್ಕನ್ನು ಕಚೇರಿಯ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ನೆಟ್‌ವರ್ಕ್ ಡ್ರೈವ್ ಆಗಿ ತೆರೆದಿಡುವುದು ಅಪಾಯ, ಏಕೆಂದರೆ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಒಂದು ಕಂಪ್ಯೂಟರಿಗೆ ಹೊಕ್ಕರೆ ಆ ಡ್ರೈವನ್ನೂ ಬಿಡುವುದಿಲ್ಲ. ಸರ್ವರೇ ರಾತ್ರಿ ಹೊತ್ತು ಕಂಪ್ಯೂಟರುಗಳಿಗೆ ಹೋಗಿ ಕಡತಗಳನ್ನು ಎಳೆದುಕೊಂಡು ಬರುವಂತೆ ಮಾಡಿದರೆ ಕಂಪ್ಯೂಟರುಗಳ ಕೈಯಲ್ಲಿ ಸರ್ವರಿನ ಕೀಲಿಯೇ ಇರುವುದಿಲ್ಲ. ಅದು ಸಾಧ್ಯವಿಲ್ಲದೆಡೆ ಬೋರ್ಗ್‌ನಲ್ಲಿ ಸೇರಿಸಲು ಮಾತ್ರ ಅನುಮತಿಸುವ ಏರ್ಪಾಟು ಇದೆ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಬ್ಯಾಟರಿ ತಳ ಮುಟ್ಟುವ ಮುನ್ನ ಸರ್ವರನ್ನು ಕ್ರಮವಾಗಿ ಮುಚ್ಚುವ ನಟ್ ಎಂಬ ತಂತ್ರಾಂಶವೂ ಎಲ್ಲ ಡಿಸ್ಟ್ರೋಗಳಲ್ಲಿ ಇದೆ.

ತಂತ್ರಾಂಶಗಳ ಆವೃತ್ತಿ ಹೊಂದದಿದ್ದರೆ ಏನಾಗುತ್ತದೆಂಬುದನ್ನು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆ ಕಂಡುಕೊಂಡಿತು. ಎಂಜಿನಿಯರೊಬ್ಬರು ತಪ್ಪಾದ ಸರ್ವರಿನ ಡೇಟಾಬೇಸ್ ಅಳಿಸಿದ ಮೇಲೆ ಬ್ಯಾಕಪ್ಪನ್ನು ಹುಡುಕಿದರೆ ಅದಿರಬೇಕಾದ ಜಾಗ ಖಾಲಿಯಿತ್ತು: ಡೇಟಾಬೇಸ್ 9.6ನೆಯ ಆವೃತ್ತಿಯದು, ಅದರ ಪ್ರತಿ ತೆಗೆಯಬೇಕಿದ್ದ ಉಪಕರಣ 9.2ನೆಯದು, ಆದ್ದರಿಂದ ಅದು ಪ್ರತಿದಿನವೂ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಇಮೇಲುಗಳು ತಿರಸ್ಕೃತಗೊಂಡು ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಕಾರಣಕ್ಕೆ ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಉಳಿದಿತ್ತು. ಹೀಗಾಗಿ ಡಿಸ್ಟ್ರೋ ಆರಿಸಿದ ಮೇಲೂ ಮಾಡಬೇಕಾದ ಪರೀಕ್ಷೆಯೊಂದಿದೆ. ಸರ್ವರಿನ ಮದರ್‌ಬೋರ್ಡ್ ಸುಟ್ಟಿದೆಯೆಂದು ಭಾವಿಸಿ, ಬ್ಯಾಕಪ್ ಡಿಸ್ಕನ್ನು ಬಿಚ್ಚಿ, ಪೆನ್ ಡ್ರೈವಿನಿಂದ ಆರಂಭಿಸಿದ ಯಾವುದಾದರೂ ಲಿನಕ್ಸ್ ಓಡುತ್ತಿರುವ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಇಎಕ್ಸ್‌ಟಿ4 ಮೇಲಿನ ಆರ್‌ಸಿಂಕ್ ಪ್ರತಿಗಳು ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳಲ್ಲೂ ಸಾಮಾನ್ಯ ಫೋಲ್ಡರುಗಳಂತೆ ತೆರೆದುಕೊಳ್ಳುತ್ತವೆ, ಜೆಡ್‌ಎಫ್‌ಎಸ್ ಡಿಸ್ಕಿಗೆ ಉಬುಂಟು ಪೆನ್ ಡ್ರೈವ್ ಇಟ್ಟುಕೊಂಡಿರಬೇಕು, ಬೋರ್ಗ್ ಸಂಗ್ರಹಕ್ಕಾದರೆ ಬೋರ್ಗ್ ತಂತ್ರಾಂಶದ ಜೊತೆಗೆ ಅದರ ಗುಪ್ತಪದವೂ ಬೇಕು, ಮತ್ತು ಆ ಗುಪ್ತಪದವನ್ನು ಸುಟ್ಟುಹೋದ ಸರ್ವರಿನಲ್ಲಲ್ಲದೆ ಬೇರೆಲ್ಲಾದರೂ ಕಾಗದದ ಮೇಲೆ ಬರೆದಿಟ್ಟಿರಬೇಕು.